ಚೀಲದ ತೂಕ

ಹೊನ್ನಾವರದ ಸೇತುವೆ ಬಂದ ಕೂಡಲೇ ಟೆಂಪೋದಲ್ಲಿದ್ದ ಹುಡುಗಿಯರೆಲ್ಲ ಬಲಗಡೆಯ ಕಿಟಕಿಗಳಿಗೆ ಮುಗಿಬಿದ್ದರು. ಕೆಳಗೆ ಶರಾವತಿ ಮಳೆಗಾಲದ ಕೆಂಪನ್ನು ಇನ್ನೂ ಪೂರ್ತಿ ಬಿಟ್ಟುಕೊಡದೆ ಸಮುದ್ರದ ಕಡೆಗೆ ಸಾಗುತ್ತಿತ್ತು. ದೋಣಿ ಕಂಡಿತೆಂದು ಒಬ್ಬಳು ಕೂಗಿದಳು, ಅದು ದೋಣಿಯಲ್ಲ ಬೋಟು ಎಂದು ಇನ್ನೊಬ್ಬಳು ಜಗಳ ತೆಗೆದಳು. ದಿನಕರ ಮಾತ್ರ ಹೊಳೆಯ ಕಡೆ ನೋಡಲಿಲ್ಲ. ಡ್ರೈವರನ ಪಕ್ಕದ ಸೀಟಿನಲ್ಲಿ ಮೈ ತಿರುಚಿಕೊಂಡು ಕೂತು, ಹಿಂದಿನ ಸಾಲಿನಲ್ಲಿದ್ದ ಮಗಳನ್ನು ನೋಡುತ್ತಿದ್ದ.

ಅಂಕಿತಾ ಕಿಟಕಿಯ ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ತುಟಿ ಒಣಗಿತ್ತು. ಒಣಗಲಿ, ಇನ್ನೇನು ತೂಕ ಮುಗಿದರೆ ಎಷ್ಟು ಬೇಕಾದರೂ ಕುಡಿಯಬಹುದು ಎಂದು ದಿನಕರ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೂ ಕೈ ಸುಮ್ಮನಿರಲಿಲ್ಲ. ತೊಡೆಯ ಮೇಲಿದ್ದ ಚೀಲದ ಜಿಪ್ ಎಳೆದು ಮತ್ತೊಮ್ಮೆ ಒಳಗೆ ನೋಡಿದ. ಮ್ಯಾಟಿನ ಮೇಲೆ ಆಡುವ ಶೂ, ಮಂಡಿಗೆ ಹಾಕುವ ಪಟ್ಟಿ, ಟವೆಲ್, ಹೆಚ್ಚಿಗೆ ಒಂದು ಜೊತೆ ಲೇಸು, ಗ್ಲುಕೋಸ್ ಪ್ಯಾಕೆಟ್, ಬ್ಯಾಂಡೇಜು. ಎಲ್ಲ ಇತ್ತು. ಕುಮಟಾದಲ್ಲಿ ನೋಡಿದಾಗಲೂ ಇತ್ತು.

"ದಿನಕರ ಮಾವ, ನಿಮ್ಮ ಸೀಟಲ್ಲಿ ಎಂತಾದ್ರೂ ಮುಳ್ಳು ಇದ್ಯಾ?" ಹಿಂದಿನಿಂದ ನಾಗವೇಣಿ ಕೇಳಿದಳು. ತಂಡದ ಬದಲಿ ಆಟಗಾರ್ತಿ. ಬಾಯಿ ಮಾತ್ರ ಎಲ್ಲ ಪಂದ್ಯಗಳಲ್ಲೂ ಆಡುತ್ತಿತ್ತು.

"ಮುಳ್ಳಲ್ಲ ಮಾರಾಯ್ತಿ, ಇರುವೆ," ಎಂದ ದಿನಕರ. ಹುಡುಗಿಯರು ನಕ್ಕರು. ಅಂಕಿತಾ ಕಣ್ಣು ತೆರೆಯಲಿಲ್ಲ.

ಹತ್ತು ಗಂಟೆಗೆ ಭಟ್ಕಳದಲ್ಲಿ ತೂಕ. ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ಜಿಲ್ಲಾ ಮಟ್ಟದ ಕಬಡ್ಡಿ. ನಲವತ್ತೆಂಟು ಕೆ.ಜಿ. ಮೀರಿದವಳಿಗೆ ಅಂಕಣಕ್ಕೆ ಇಳಿಯಲು ಅವಕಾಶವಿಲ್ಲ. ಕುಮಟಾ ತಾಲೂಕಿನ ತಂಡದಲ್ಲಿ ಎದುರಾಳಿಗಳ ನಡುವೆ ನುಗ್ಗಿ ಮುಟ್ಟಿ ಬರುವ ಚುರುಕು ಇದ್ದದ್ದು ಅಂಕಿತಾಗೆ. ಅವಳಿಲ್ಲದ ತಂಡವನ್ನು ಪಿ.ಟಿ. ಟೀಚರ್ ಸುಶ್ಮಿತಾ ಊಹಿಸಿಕೊಂಡೂ ಇರಲಿಲ್ಲ. ದಿನಕರನಂತೂ ಬೇರೆ ಏನನ್ನೂ ಊಹಿಸುವುದನ್ನೇ ಬಿಟ್ಟು ತಿಂಗಳಾಗಿತ್ತು.

ದಿನಕರ ಕುಮಟಾದ ಮಧುಸೂದನ ಕಾಮತರ ಅಡಿಕೆ ವಖಾರಿಯಲ್ಲಿ ಕಾಟಾ ನೋಡಿಕೊಳ್ಳುವವನು. ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ್ದ, ತೂಗುವುದು, ಅಳೆಯುವುದು ಎಂದರೆ ಅವನಿಗೆ ಕಾಲೇಜಿನ ಪ್ರಯೋಗಾಲಯದ ದಿನಗಳಿಂದಲೂ ಭಕ್ತಿ. ಬೆಳಿಗ್ಗೆ ವಖಾರಿಯ ಬಾಗಿಲು ತೆಗೆದೊಡನೆ ಎಲೆಕ್ಟ್ರಾನಿಕ್ ಕಾಟಾದ ಹಲಗೆಯ ಮೇಲೆ ಒಂದು ಖಾಲಿ ಗೋಣಿಚೀಲ ಇಟ್ಟು ಗುಂಡಿ ಒತ್ತುತ್ತಿದ್ದ. ಅಂಕಿ ಸೊನ್ನೆಗೆ ಬರುತ್ತಿತ್ತು. ಚೀಲ ಎತ್ತಿದರೆ ಮೈನಸ್ ತೋರಿಸುತ್ತಿತ್ತು. ಆಮೇಲೆ ದಿನವಿಡೀ ತುಂಬಿದ ಚೀಲ ಇಟ್ಟರೆ ಕಾಣುವುದು ಬರೀ ಅಡಿಕೆಯ ತೂಕ. ಬೆಳೆದು ತಂದವರಿಗೂ ಅನುಮಾನವಿಲ್ಲ, ಕಾಮತರಿಗೂ ತಕರಾರಿಲ್ಲ. ಖಾಲಿ ಕಾಟಾದ ಮೇಲೆ ಮಿನುಗುವ ಆ ಮೈನಸ್ ಅಂಕಿ ಅವನ ಕಣ್ಣಿಗೆ ಗೋಡೆಯ ಮೇಲಿನ ಗಣಪತಿ ಪಟದಷ್ಟೇ ರೂಢಿಯಾಗಿತ್ತು. ಇದೆ ಎಂದು ಗೊತ್ತು, ನೋಡುವುದಿಲ್ಲ.

ಅವನು ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಯಾವ ಆಟವನ್ನೂ ಆಡಿದವನಲ್ಲ. ಹಾಗಾಗಿ ತಾಲೂಕಿನ ಫೈನಲ್ ದಿನ ಮೈದಾನದ ಅಂಚಿನಲ್ಲಿ ನಿಂತಿದ್ದಾಗ ಯಾರೋ ಬೆನ್ನು ತಟ್ಟಿ, "ನೀವೇನ್ರೀ ಅಂಕಿತಾನ ಅಪ್ಪ?" ಎಂದದ್ದು ಅವನೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು. ಮರುದಿನ ಕಾಮತರು, "ಅರೆ ದಿನಕರಾ, ನಿನ್ನ ಮಗಳು ಏಳು ಜನರ ಕೈ ತಪ್ಪಿಸಿ ಬರ್ತಾಳಂತೆ, ನೀನು ಒಂದು ಚೀಲ ತಪ್ಪಿಸಿಕೊಂಡು ನಡೆಯೋದಕ್ಕೂ ಎಡವ್ತೀಯಲ್ಲ!" ಎಂದು ನಗಿಸಿದರು. ಆ ನಗೆಯೂ ಸಿಹಿಯಾಗಿತ್ತು.

ಅದೇ ವಾರ ಸುಶ್ಮಿತಾ ಟೀಚರ್ ಹೇಳಿದ್ದಳು: "ಹುಡುಗಿ ಎತ್ತರ ಆಗ್ತಾ ಇದ್ದಾಳೆ. ಜಿಲ್ಲೆಗೆ ಹೋಗುವಾಗ ತೂಕದ ಮೇಲೆ ಸ್ವಲ್ಪ ಕಣ್ಣಿರ್ಲಿ."

ಕಣ್ಣಿಡುವುದು ಅವನಿಗೆ ಬರುವ ಕೆಲಸ. ಆ ಸಂಜೆಯೇ ವಖಾರಿಯ ವ್ಯಾಪಾರ ಮುಗಿದ ಮೇಲೆ ಮಗಳನ್ನು ಕರೆಸಿ ಕಾಟಾದ ಮೇಲೆ ನಿಲ್ಲಿಸಿದ. ನಲವತ್ತೆಂಟರ ಹೊಸ್ತಿಲಲ್ಲಿತ್ತು ಅಂಕಿ. ಅಂದಿನಿಂದ ಪ್ರತಿ ಸಂಜೆ ಇದೇ ಪೂಜೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಆಹಾರದ ಕ್ರಮ ಬದಲಿಸಿದ. ರಾತ್ರಿಯ ಅನ್ನ ನಿಂತಿತು, ಗಂಜಿ ಬಂತು. ಕರಿದ ಬಂಗಡೆ ಹೋಗಿ ಬೇಯಿಸಿದ್ದು ಬಂತು, ಅದೂ ಅರ್ಧ. ಹುಬ್ಬಳ್ಳಿಗೆ ಹೋಗುವ ಲಾರಿಯವರ ಕೈಯಲ್ಲಿ ಮ್ಯಾಟ್ ಶೂ ತರಿಸಿದ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವಳಿಗೆ ಶೂ ಕಚ್ಚದಿರಲೆಂದು ದಿನಾ ಅಂಗಳದಲ್ಲಿ ಹಾಕಿಸಿ ಓಡಾಡಿಸಿದ. ಮಗಳಿಗಾಗಿ ಇಷ್ಟು ಮಾಡುವ ಅಪ್ಪ ಈ ಕೇರಿಯಲ್ಲೇ ಇಲ್ಲವೆಂದು ಹೆಂಡತಿ ರೇಖಾ ಒಮ್ಮೆ ಮೆಚ್ಚಿ ಹೇಳಿದ್ದಳು. ಆಮೇಲೆ ಹೇಳುವುದನ್ನು ನಿಲ್ಲಿಸಿದಳು.

ಚೌತಿಯ ಹೊತ್ತಿಗೆ ಮನೆಯವರ ಅಸಮಾಧಾನ ಬಾಯಿಗೇ ಬಂತು. ದಿನಕರನ ತಾಯಿ ನಾಗಮ್ಮ ಪ್ರತಿವರ್ಷದಂತೆ ಡಬ್ಬಿ ತುಂಬ ಚಕ್ಲಿ ಮಾಡಿದ್ದಳು. ಪೂಜೆಯಾದ ಮೇಲೆ ಅಂಕಿತಾ ಕೈ ಚಾಚಿ, "ತಕಳ್ಲಾ?" ಎಂದಾಗ ದಿನಕರ, "ಒಂದು ಮುರಿದು ಅರ್ಧ ತಕ. ಪ್ರಸಾದ ಅಂತ," ಎಂದ.

"ಹಬ್ಬದ ದಿನ ಮಗು ಕೈಲಿ ಚಕ್ಲಿ ಮುರಿಸ್ತೀಯಲ್ಲೋ," ನಾಗಮ್ಮ ಸಿಡುಕಿದಳು. "ಕಬಡ್ಡಿ ಆಡುದು ತಾಕತ್ತಿಂದ. ಉಪಾಸದಿಂದ ಅಲ್ಲ."

"ಅಮ್ಮ, ನಿಂಗೆ ಗೊತ್ತಾಗುದಿಲ್ಲ. ಎಣ್ಣೆ ಪದಾರ್ಥ."

"ಅವಳು ಮೊದಲಿನ ಹಾಗೆ ಇಲ್ಲ," ರೇಖಾ ಪಾತ್ರೆ ತೊಳೆಯುತ್ತಲೇ ಹೇಳಿದಳು. "ಶಾಲೆಯಿಂದ ಬಂದವಳು ಚೀಲ ಇಟ್ಟಲ್ಲೇ ನಿದ್ದೆ ಮಾಡ್ತಾಳೆ. ನೀವು ಅಂಕಿ ನೋಡ್ತ್ರಿ, ಮುಖ ನೋಡುದಿಲ್ಲ."

"ಭಟ್ಕಳ ಒಂದು ಮುಗೀಲಿ," ಎಂದಿದ್ದ ದಿನಕರ.

ಆ ಕಾಟಾವಾದರೂ ಅವನ ಕೈ ಬಿಟ್ಟಿರಲಿಲ್ಲ. ನಿನ್ನೆ ಸಂಜೆಯ ಅಂಕಿ ನಲವತ್ತೇಳು ಮುಕ್ಕಾಲು. ಕಾಲು ಕೆ.ಜಿ. ಅಂತರ. ಅಂಕಿತಾ ಹಲಗೆಯ ಮೇಲಿಂದ ಇಳಿಯುತ್ತ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗಿದ್ದಳು. ಅವನು ಅದನ್ನು ಕಂಡಿದ್ದ, ಆದರೆ ಆ ಹೊತ್ತಿಗೆ ಅವಳ ತಲೆ ಸವರಿ, "ಆತು, ಗೆದ್ದೆವು!" ಎಂದಾಗಿತ್ತು. ಮುನ್ನೆಚ್ಚರಿಕೆಗೆಂದು ಬೆಳಿಗ್ಗೆ ನೀರನ್ನೂ ಎರಡು ಗುಟುಕಿಗೆ ನಿಲ್ಲಿಸಿದ್ದ.

ಭಟ್ಕಳ ತಲುಪುವಾಗ ಬಿಸಿಲು ಚುರುಕಾಗಿತ್ತು. ಪಂದ್ಯ ನಡೆಯುವ ಶಾಲೆಯ ಮೈದಾನದಲ್ಲಿ ಹಸಿರು ಮ್ಯಾಟ್ ಹಾಸಿ ಶಾಮಿಯಾನ ಕಟ್ಟಿದ್ದರು. ಮೈಕಿನವನು ಕನ್ನಡದಲ್ಲಿ ಒಮ್ಮೆ, ಉರ್ದುವಿನಲ್ಲಿ ಒಮ್ಮೆ ಸ್ವಾಗತ ಕೋರುತ್ತಿದ್ದ. ತೂಕದ ಕೋಣೆಯ ಮುಂದೆ ಎಲ್ಲ ತಾಲೂಕಿನ ಹುಡುಗಿಯರ ಸಾಲು. ಕಾಟಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದವರು ಮಹಾಬಲ ಮಾಸ್ತರು. ತಲೆ ಬೆಳ್ಳಗಾದ ದೈಹಿಕ ಶಿಕ್ಷಕರು, ದನಿ ಮಾತ್ರ ಇನ್ನೂ ಸೀಟಿ ಊದಿದಂತೆ.

ಅಂಕಿತಾ ಹಲಗೆ ಹತ್ತಿದಳು. ದಿನಕರ ಬಾಗಿಲಿನ ಚೌಕಟ್ಟು ಹಿಡಿದು ಇಣುಕಿದ.

"ನಲವತ್ತೆಂಟು ಆರುನೂರ ಐವತ್ತು," ಎಂದರು ಮಾಸ್ತರು. "ಜಾಸ್ತಿ ಆಯ್ತಲ್ಲ ಮಗಾ."

ಸುಶ್ಮಿತಾ ಟೀಚರ್ ದಿನಕರನ ಕಡೆ ತಿರುಗಿದಳು. ದಿನಕರ ಆಗಲೇ ಒಳಗೆ ಬಂದಿದ್ದ.

"ಸಾಧ್ಯ ಇಲ್ಲ ಸರ್. ನಿನ್ನೆ ಸಂಜೆ ನಾನೇ ತೂಗಿದ್ದು. ನಮ್ಮದು ವ್ಯಾಪಾರದ ಕಾಟಾ, ಇಲಾಖೆಯವರು ಮೊಹರು ಹಾಕಿದ್ದು. ಇವತ್ತು ಬೆಳಿಗ್ಗೆ ಸರಿಯಾಗಿ ನೀರು ಸಹ ಕುಡಿದಿಲ್ಲ ಹುಡುಗಿ. ನಿಮ್ಮ ಕಾಟಾ ತಪ್ಪು."

"ನಮ್ಮ ಕಾಟಾ ತಪ್ಪಾದ್ರೆ ಎಲ್ಲರಿಗೂ ತಪ್ಪು. ನಿಮ್ಮ ಮಗಳ ಮೇಲೆ ಮಾತ್ರ ಅದಕ್ಕೆ ಎಂತ ಸಿಟ್ಟು?" ಮಾಸ್ತರು ನಕ್ಕರು. ಸಾಲಿನಲ್ಲಿದ್ದ ಯಾರೋ ತಾಯಿಯೂ ನಕ್ಕಳು.

"ಮೊದಲು ಸೊನ್ನೆ ನೋಡ್ಬೇಕು ಸರ್. ಸೊನ್ನೆಯೇ ಸರಿ ಇಲ್ಲದಿದ್ರೆ ಮುಂದಿನದು ಎಲ್ಲ ತಪ್ಪೇ ಬರುದು." ಪ್ರಯೋಗಾಲಯದಲ್ಲಿ ಕಲಿತ ಮೊದಲ ಪಾಠ ಅವನ ಬಾಯಿಂದ ತಾನಾಗಿಯೇ ಬಂತು.

"ಅದೂ ನೋಡುವಾ. ಇಳಿಯೆ ಮಗಾ." ಅಂಕಿತಾ ಇಳಿದಳು. ಕಾಟಾದ ಅಂಕಿ ಒಮ್ಮೆ ತಡವರಿಸಿ ಸೊನ್ನೆಗೆ ಬಂದು ನಿಂತಿತು. "ನೋಡಿ, ಖಾಲಿ ಇದ್ದಾಗ ಸೊನ್ನೆ. ಇನ್ನೆಂತ ಬೇಕು?"

ದಿನಕರ ಆ ಸೊನ್ನೆಯನ್ನು ನೋಡಿದ. ಖಾಲಿ ಕಾಟಾದ ಮೇಲೆ ಬರೀ ಸೊನ್ನೆ. ಏನೋ ಕಡಿಮೆಯಿದೆ ಅನ್ನಿಸಿತು, ಪರಿಚಿತ ಮನೆಯ ಗೋಡೆಯಿಂದ ಯಾರೋ ಪಟ ತೆಗೆದಿಟ್ಟ ಹಾಗೆ. ಏನೆಂದು ಯೋಚಿಸುವಷ್ಟು ತಾಳ್ಮೆ ಅವನಿಗಿರಲಿಲ್ಲ.

"ಹನ್ನೊಂದಕ್ಕೆ ಇನ್ನೊಂದು ಸಲ ತೂಗ್ತೆ," ಎಂದರು ಮಾಸ್ತರು. "ಅಷ್ಟರೊಳಗೆ ಇಳಿದ್ರೆ ಆಡ್ಲಿ. ಇಲ್ಲದಿದ್ರೆ ಬದಲಿಯವಳ ಹೆಸರು ಕೊಡಿ."

ಹೊರಗೆ ಬಂದೊಡನೆ ಸಲಹೆಗಳ ಸಂತೆಯೇ ನೆರೆಯಿತು. ಸ್ವೆಟರ್ ಹಾಕಿಸಿ ಓಡಿಸಿ ಎಂದವರೊಬ್ಬರು. ಬಾಯಲ್ಲಿ ಲಿಂಬೆಹುಳಿ ಇಟ್ಟು ಉಗುಳಿಸುತ್ತ ಇರಿ ಎಂದವರೊಬ್ಬರು. "ಜಡೆ ಕತ್ತರಿಸಿದ್ರೆ ನೂರು ಗ್ರಾಂ ಹೋಗ್ತದೆ, ಕತ್ತರಿ ಕೊಡ್ಲಾ?" ಎಂದು ಇನ್ನೊಬ್ಬರು ತಮಾಷೆ ಮಾಡಿದರೋ ನಿಜಕ್ಕೂ ಹೇಳಿದರೋ ತಿಳಿಯಲಿಲ್ಲ. ಅಂಕಿತಾ ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡಳು.

ದಿನಕರ ಟೆಂಪೋದಿಂದ ತನ್ನ ಮಳೆಕೋಟು ತಂದ. ಪ್ಲಾಸ್ಟಿಕ್ಕಿನದು, ಗಾಳಿಯಾಡದ್ದು. ಮಗಳಿಗೆ ತೊಡಿಸಿ ಕುತ್ತಿಗೆಯವರೆಗೆ ಗುಂಡಿ ಹಾಕಿದ.

"ಬಾ, ನಾನೂ ಓಡ್ತೆ. ಮೈದಾನದ ಅಂಚಿಗೆ. ಬೆವರು ಬಂದ್ರೆ ಆತು."

ಅಂಕಿತಾ ಓಡತೊಡಗಿದಳು. ಮಳೆಕೋಟು ಅವಳ ಮಂಡಿಗೆ ಬಡಿದು ಪಟಪಟ ಸದ್ದು ಮಾಡುತ್ತಿತ್ತು. ದಿನಕರ ಪಕ್ಕದಲ್ಲಿ ಚಪ್ಪಲಿ ಎಳೆಯುತ್ತ ಓಡಿದ, ಏದುಸಿರಲ್ಲೇ ಲೆಕ್ಕ ಹಾಕಿದ. ಬೆವರೆಂದರೆ ನೀರು. ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರು. ಒಂದು ಬಾಟಲಿಯೂ ಅಲ್ಲ. ಒಂದು ಬಾಟಲಿ ನೀರು ಮಗಳ ಮೈಯಿಂದ ಹೊರಗೆ ಬಂದರೆ ಸಾಕು, ತೂಗಿಸಿ ಮತ್ತೆ ಒಳಗೆ ಹಾಕಬಹುದು. ಲೆಕ್ಕಕ್ಕೆ ಅದು ಎಷ್ಟು ಸುಲಭವಾಗಿತ್ತು!

ಗೋಳಿಮರದ ನೆರಳಿನಲ್ಲಿ ಹೊನ್ನಾವರ ತಂಡದ ಹುಡುಗಿಯೊಬ್ಬಳು ತಾಯಿಯ ಮುಂದೆ ಕೂತು ಇಡ್ಲಿ ತಿನ್ನುತ್ತಿದ್ದಳು. ತಾಯಿಯ ಹೆಸರು ಮೂಕಾಂಬಿಕಾ. ಗೇರುಸೊಪ್ಪದ ಕಡೆಯ ತೋಟದ ಮನೆಯವಳು, ಅಂಚೆ ಕಚೇರಿಯಲ್ಲಿ ಕೆಲಸ; ಇದೆಲ್ಲ ತೂಕದ ಸಾಲಿನಲ್ಲಿ ನಿಂತಾಗ ಅವಳೇ ಕೇಳಿದವರಿಗೆಲ್ಲ ಹೇಳಿದ್ದಳು. "ಇನ್ನೂ ಎರಡು ಇದ್ದು ಶ್ರೀಗೌರಿ, ತಿನ್ನು. ಆಟ ಸುರುವಾಪಲೆ ಹೊತ್ತು ಇದ್ದು," ಎಂದು ತಮ್ಮ ಮನೆಮಾತಿನಲ್ಲಿ ಮಗಳಿಗೆ ಹೇಳಿ, ಮಳೆಕೋಟಿನ ಅಂಕಿತಾಳನ್ನು ಕಂಡು ಮುಖ ಗಂಟಿಕ್ಕಿದಳು.

"ಹೋಯ್, ಈ ಬಿಸಿಲಲ್ಲಿ ಎಂತ ಮಳೆ ನಿಮ್ಮ ಕುಮಟೆಯವರಿಗೆ?"

ದಿನಕರ ಮುಂದೆ ಓಡಿದ. ಮುಂದಿನ ಸುತ್ತಿಗೆ ಬರುವಾಗ ಅವಳು ಮತ್ತೆ ಕೇಳಿದಳು, ಈ ಸಲ ನಗೆಯಿಲ್ಲದೆ: "ಆ ಹುಡುಗಿ ಬೆಳಿಗ್ಗೆ ತಿಂಡಿ ತಿಂದಿದಾಳಾ?"

"ತೂಕ ಆದ ಮೇಲೆ," ಎಂದ ದಿನಕರ.

ಅಂಕಿತಾಳ ಓಟ ನಡಿಗೆಯಾಯಿತು. ಮುಖ ಕೆಂಪೇರಿ ಹಣೆಯ ಕೂದಲು ಅಂಟಿಕೊಂಡಿತ್ತು. ಮೈದಾನದ ಮೂಲೆಯ ನಲ್ಲಿಯ ಹತ್ತಿರ ಅವಳು ನಿಂತಳು.

"ಅಪ್ಪಾ, ಒಂದು ಗುಟುಕು ನೀರು."

"ಇನ್ನೊಂದು ಸ್ವಲ್ಪ ಹೊತ್ತು ತಡಿ ಮಗಾ. ಈಗ ಕುಡಿದ್ರೆ ಓಡಿದ್ದು ಎಲ್ಲ ವ್ಯರ್ಥ. ಬಾಯಿ ಮುಕ್ಕಳಿಸಿ ಉಗುಳು ಬೇಕಾದ್ರೆ."

ಅವಳು ಮುಕ್ಕಳಿಸಿದಳು. ಉಗುಳಿದಳು. ಅವಳು ಒಂದು ಹನಿಯನ್ನೂ ನುಂಗಲಿಲ್ಲವೆಂಬುದನ್ನು ತಾನು ಗಂಟಲನ್ನೇ ನೋಡುತ್ತ ಖಾತ್ರಿ ಮಾಡಿಕೊಂಡೆನೆಂದು ದಿನಕರನಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದು ಇಷ್ಟವಾಗಲಿಲ್ಲ. ದೃಷ್ಟಿ ತಪ್ಪಿಸಿದ.

"ನಡಿ, ಇನ್ನೆರಡು ಸುತ್ತು."

"ಆಗುದಿಲ್ಲ ಅಪ್ಪಾ."

"ಆಗ್ತದೆ. ಫೈನಲ್‌ನಲ್ಲಿ ಇದಕ್ಕಿಂತ ಸುಸ್ತಾಗಿತ್ತು ನಿಂಗೆ."

"ಸುಸ್ತಲ್ಲ." ಅವಳು ನಲ್ಲಿಯ ಕಟ್ಟೆಯ ಮೇಲೆ ಕೂತಳು. "ಎಷ್ಟು ಓಡಿದ್ರೂ ಆಗುದಿಲ್ಲ. ನಾ ಮೊದಲಿಂದನೂ ಜಾಸ್ತಿನೇ ಇದ್ದೆ. ಚೀಲದ ತೂಕ ಅದು."

"ಎಂತ ಚೀಲ?"

"ನಮ್ಮ ವಖಾರಿ ಚೀಲ. ನೀ ಬೆಳಿಗ್ಗೆ ಇಟ್ಟು ತೆಗೀತೀಯಲ್ಲ, ಖಾಲಿ ಗೋಣಿ. ಸಂಜೆ ನಾ ನಿಲ್ಲುವಾಗ ಆ ಮೈನಸ್‌ನ ಸೊನ್ನೆ ಮಾಡ್ತಿರ್ಲಿಲ್ಲ ನೀ."

ಮೈಕಿನವನು ಯಾವುದೋ ತಂಡವನ್ನು ಕರೆಯುತ್ತಿದ್ದ. ದಿನಕರನಿಗೆ ಕೇಳಿಸಲಿಲ್ಲ. ಅವನ ಕಣ್ಣ ಮುಂದೆ ಸಂಜೆಯ ವಖಾರಿ, ಖಾಲಿ ಹಲಗೆ, ಅದರ ಮೇಲೆ ಕೆಂಪಗೆ ಹೊಳೆಯುವ ಅಂಕಿ, ಅಂಕಿಯ ಮುಂದೆ ಆ ಪುಟ್ಟ ಅಡ್ಡಗೀಟು. ಮಾಸ್ತರ ಕಾಟಾದಲ್ಲಿ ಕಡಿಮೆ ಕಂಡದ್ದು ಅದೇ. ಪ್ರತಿ ಸಂಜೆ ಆ ಗೀಟಿನ ಮುಂದೆಯೇ ನಿಂತು ಮಗಳನ್ನು ಹತ್ತು ಎಂದಿದ್ದ. ಅಡಿಕೆಯನ್ನು ತೂಗಿದಂತೆ, ಅವಳ ಮೈಯಿಂದಲೂ ಒಂದು ಗೋಣಿಚೀಲವನ್ನು ಕಳೆದು, ಉಳಿದದ್ದನ್ನು ನೋಡಿ ಹಿಗ್ಗಿದ್ದ.

"ಯಾವಾಗ ಗೊತ್ತಾತು ನಿಂಗೆ?"

"ಮೊದಲ ದಿನವೇ."

"ಮೊದಲ ದಿನ!" ಅವನ ದನಿ ಏರಿತು. "ಮತ್ತೆ ಹೇಳ್ಬೇಕಿತ್ತಾ ಬೇಡ್ವಾ? ತಿಂಗಳಿಡೀ ಸುಮ್ಮನೆ ನಿಂತ್ಯಲ್ಲೆ ಅದರ ಮೇಲೆ! ನಿನ್ನೆ ಹೇಳಿದ್ರೂ ಎಂತಾದ್ರೂ ಮಾಡ್ಬಹುದಿತ್ತು."

"ಎಂತ ಮಾಡ್ತಿದ್ದೆ?" ಅಂಕಿತಾ ತಲೆಯೆತ್ತಿದಳು. "ಹೇಳಿದ್ರೆ ಗಂಜಿನೂ ಬಂದ್ ಮಾಡ್ತಿದ್ದೆ ನೀ."

ದಿನಕರ ಇಲ್ಲ ಎನ್ನಬೇಕೆಂದಿದ್ದ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಗಂಜಿ ನಿಲ್ಲಿಸುತ್ತಿದ್ದ, ಅದಕ್ಕೊಂದು ವಿಡಿಯೋವನ್ನೂ ಹುಡುಕಿ ಇಟ್ಟುಕೊಂಡಿರುತ್ತಿದ್ದ.

"ಅಂಕಿ ಕಡಿಮೆ ಬಂದ ದಿನ ನೀ ಖುಷಿಯಲ್ಲಿರ್ತಿದ್ದೆ," ಅವಳು ಮಳೆಕೋಟಿನ ಗುಂಡಿಯನ್ನು ತಿರುಚುತ್ತ ಹೇಳಿದಳು. "ಅವತ್ತು ಅಮ್ಮ ಗಂಜಿಗೆ ತುಪ್ಪ ಹಾಕಿದ್ರೂ ಬೈತಿರ್ಲಿಲ್ಲ. ಅಜ್ಜಿ ರಾಶಿ ಸಲ ಚಕ್ಲಿ ಕೊಟ್ಟಿದ್ಲು. ನಾ ತಿಂದೆ. ಹಸಿವಾಗ್ತಿತ್ತು ಅಪ್ಪಾ. ಭಟ್ಕಳದಲ್ಲಿ ಹೇಗೋ ಆಗ್ತದೆ ಅಂತ ಮಾಡಿದ್ದೆ." ಎದ್ದು ನಿಂತಳು. "ಇನ್ನೂ ಹೊತ್ತಿದೆ ಅಲ್ವಾ? ಓಡ್ಲಾ?"

ಆ ಪ್ರಶ್ನೆಯ ದನಿ ಅವನಿಗೆ ಪರಿಚಿತವಾಗಿತ್ತು. ಚೌತಿಯ ದಿನ ಡಬ್ಬಿಯ ಮುಂದೆ ನಿಂತು, ತಕಳ್ಲಾ ಎಂದು ಕೇಳಿದ್ದು ಇದೇ ದನಿಯಲ್ಲಿ.

ಹೊತ್ತು ನಿಜವಾಗಿಯೂ ಇತ್ತು. ಇನ್ನಷ್ಟು ಸುತ್ತು ಓಡಿದರೆ, ಮಳೆಕೋಟಿನ ಮೇಲೆ ಟವೆಲ್ಲೂ ಸುತ್ತಿದರೆ, ಇಳಿದರೂ ಇಳಿದೀತು. ಮೈದಾನದ ಆಚೆ ಬದಿಯಲ್ಲಿ ಬೇರೆ ತಾಲೂಕಿನ ಇನ್ನೊಬ್ಬಳು ಕಂಬಳಿ ಹೊದ್ದು ಓಡುತ್ತಿದ್ದಳು, ಹಿಂದೆ ಅವಳ ಮಾವನೋ ಚಿಕ್ಕಪ್ಪನೋ ಚಪ್ಪಾಳೆ ತಟ್ಟುತ್ತಿದ್ದ. ದಿನಕರನ ತಲೆಯೊಳಗೆ ಲೆಕ್ಕ ತಾನಾಗಿಯೇ ಸುರುವಾಯಿತು: ಈವರೆಗೆ ಎಷ್ಟು ಬೆವರಿರಬಹುದು, ಇನ್ನೆಷ್ಟು ಬೇಕು. ಆ ಲೆಕ್ಕವನ್ನು ನಿಲ್ಲಿಸಲು ಅವನು ನಿಜಕ್ಕೂ ಕಷ್ಟಪಡಬೇಕಾಯಿತು. ಮಗಳ ಮುಖ ನೋಡಿದ. ರೇಖಾ ಹೇಳಿದ್ದ ಮುಖ. ಕಣ್ಣಿನ ಕೆಳಗೆ ಕಪ್ಪು, ತುಟಿಯ ಅಂಚಿನಲ್ಲಿ ಸಣ್ಣ ಬಿರುಕು. ಇದು ಒಂದು ದಿನದಲ್ಲಿ ಬಂದದ್ದಲ್ಲ.

ಅವನು ಮಳೆಕೋಟಿನ ಗುಂಡಿಗಳನ್ನು ಬಿಚ್ಚಿದ. ಅವಸರಕ್ಕೆ ಕೊನೆಯದು ಕಿತ್ತು ಬಂತು. ಚೀಲದಿಂದ ನೀರಿನ ಬಾಟಲಿ ತೆಗೆದು, ಗ್ಲುಕೋಸ್ ಹಾಕಿ ಅಲ್ಲಾಡಿಸಿ ಕೊಟ್ಟ.

"ಕುಡಿ. ನಿಧಾನಕ್ಕೆ."

"ಅಂದ್ರೆ ಆಟ?"

"ಆಟ ಇಲ್ಲ ಇವತ್ತು."

ಅಂಕಿತಾ ಬಾಟಲಿ ಹಿಡಿದು ನಿಂತೇ ಇದ್ದಳು. ಕಣ್ಣಲ್ಲಿ ನೀರು ಬಂತು, ಆದರೂ ಬಾಟಲಿ ಬಾಯಿಗೆ ಹೋಯಿತು. ಅಳುತ್ತಲೇ ಕುಡಿದಳು, ಮಧ್ಯದಲ್ಲಿ ಉಸಿರಿಗೂ ನಿಲ್ಲದೆ.

ದಿನಕರ ಗೋಳಿಮರದ ಕಡೆ ಹೋದ. ಎದುರಾಳಿ ತಂಡದವರ ಹತ್ತಿರ ಬೇಡುವುದು ಹೇಗೆಂದು ತಿಳಿಯದೆ ಕಾಲು ಬದಲಿಸುತ್ತ ನಿಂತ.

"ಅಕ್ಕಾ, ಆ ಇಡ್ಲಿ ಉಳಿದಿದ್ರೆ... ಮಗಳಿಗೆ."

ಮೂಕಾಂಬಿಕಾ ಅವನನ್ನೂ, ಅವನ ಕೈಲಿದ್ದ ಗುಂಡಿ ಕಿತ್ತ ಮಳೆಕೋಟನ್ನೂ ನೋಡಿದಳು. ಡಬ್ಬಿಯನ್ನೇ ಎತ್ತಿ ಕೊಟ್ಟಳು. "ಚಟ್ನಿ ಖಾರ ಇದೆ. ಖಾಲಿ ಹೊಟ್ಟೆಗೆ ಜಾಸ್ತಿ ಕೊಡ್ಬೇಡಿ."

ಸುಶ್ಮಿತಾ ಟೀಚರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಪೂರ್ತಿ ಕೇಳಿದಳು. ಗೋಣಿಚೀಲದ ಮಾತು ಬಂದಾಗ ನಗು ಬಂದಂತಾಗಿ, ನಗಲಿಲ್ಲ.

"ಕಣ್ಣಿರ್ಲಿ ಅಂದಿದ್ದೆ ನಾನು. ಹೊಟ್ಟೆಗೆ ಕಡಿಮೆ ಮಾಡಿ ಅಂದಿದ್ನಾ? ಬಂದು ಒಂದು ಮಾತು ಕೇಳಿದ್ರೆ ಆಗ್ತಿತ್ತು, ಶಾಲೆಯಲ್ಲೂ ತೂಕದ ಮೆಷಿನ್ ಇತ್ತಲ್ಲ. ಜಾಸ್ತಿ ಇದ್ದಾಳೆ ಅಂತ ಅವತ್ತೇ ಗೊತ್ತಾಗಿದ್ರೆ ನಾನು ನಾಗವೇಣಿಗೆ ಒಂದು ತಿಂಗಳು ತಾಲೀಮು ಕೊಡ್ತಿದ್ದೆ. ಅಂಕಿತಾ ಬರೋ ವರ್ಷ ದೊಡ್ಡವರ ಗುಂಪಿನಲ್ಲಿ ಆರಾಮಾಗಿ ಆಡ್ತಿದ್ಲು." ಅವಳು ಹಣೆ ಒತ್ತಿಕೊಂಡಳು. "ಈಗ ಈ ಏಳು ಜನಕ್ಕೆ ಎಂತ ಹೇಳ್ಲಿ ನಾನು?"

ಹುಡುಗಿಯರಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಟವೆಲ್ ಹೊದ್ದು ಇಡ್ಲಿ ತಿನ್ನುತ್ತಿದ್ದ ಅಂಕಿತಾಳನ್ನು ನೋಡಿ ಅವರಿಗೆ ಎಲ್ಲ ತಿಳಿದಿತ್ತು. ನಾಗವೇಣಿಯ ಬಾಯಿ ಮೊದಲ ಬಾರಿಗೆ ಬಂದ್ ಆಗಿತ್ತು. ದಿನಕರ ಮ್ಯಾಟ್ ಶೂಗಳನ್ನು ಅವಳ ಮುಂದೆ ಇಟ್ಟ. ಅವಳ ಕಾಲಿಗೆ ಒಂದಿಷ್ಟು ದೊಡ್ಡದಾದವು. ಲೇಸು ಬಿಗಿದು ಕಟ್ಟಿಕೊಂಡಳು.

ಹೊನ್ನಾವರದ ವಿರುದ್ಧ ಮೊದಲ ಪಂದ್ಯವೇ ಕಡೆಯದೂ ಆಯಿತು. ನಾಗವೇಣಿ ಹೆದರುತ್ತ ಹೋದಳು, ಎರಡು ಸಲ ಸಿಕ್ಕಿಬಿದ್ದಳು. ಅಂಕಿತಾ ಡಬ್ಬಿಯನ್ನು ಪಕ್ಕಕ್ಕಿಟ್ಟು ಗೆರೆಯ ಹತ್ತಿರ ಬಂದು ಕೂಗತೊಡಗಿದಳು: "ಎಡಗಡೆ ಮೂಲೆ ಬಿಡೇ! ಆ ಶ್ರೀಗೌರಿ ಕಾಲಿಗೆ ಬರ್ತಾಳೆ, ಬಲಕ್ಕೆ ಹೋಗು ಬಲಕ್ಕೆ!" ನಾಗವೇಣಿ ಬಲಕ್ಕೆ ಹೋದಳು, ಇಬ್ಬರನ್ನು ಮುಟ್ಟಿ ಗೆರೆ ದಾಟಿದಳು. ಕುಮಟಾದ ಹುಡುಗಿಯರು ಕಿರುಚಿದರು. ದಿನಕರ ಕುಳಿತಲ್ಲಿ ಕೂರಲಾಗದೆ ಶಾಮಿಯಾನದ ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದ. ಕೊನೆಯ ನಿಮಿಷದವರೆಗೂ ಹಿಂದೆ ಮುಂದೆ ಆಗಿ, ಮೂರು ಅಂಕಗಳಿಂದ ಸೋತರು. ಅಂಕಿತಾ ಇದ್ದಿದ್ದರೆ ಗೆಲ್ಲುತ್ತಿದ್ದರು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ಹೇಳದೆ ಉಳಿದವರೂ ಇರಲಿಲ್ಲ. ಒಬ್ಬೊಬ್ಬರೂ ದಿನಕರನನ್ನು ದಾಟಿ ಟೆಂಪೋ ಹತ್ತುವಾಗ ನೆಲ ನೋಡಿಕೊಂಡು ಹತ್ತಿದರು.

ಸಂಜೆಯ ಹೊತ್ತಿಗೆ ಟೆಂಪೋ ಹೊನ್ನಾವರದ ಒಂದು ಹೋಟೆಲಿನ ಮುಂದೆ ನಿಂತಿತು. ಹುಡುಗಿಯರು ಎರಡು ಮೇಜು ಜೋಡಿಸಿಕೊಂಡು ಕೂತರು. ಸೋತ ದುಃಖ ಅರ್ಧ ದಾರಿಯಲ್ಲೇ ಇಳಿದುಹೋಗಿತ್ತು. ಈಗ ಯಾರು ಯಾರ ಕಾಲು ಹಿಡಿದರೆಂಬ ವಾದ ನಡೆದಿತ್ತು. ದಿನಕರ ಎದುರಿನ ಮೇಜಿನಲ್ಲಿ ಚಹಾ ಹಿಡಿದು ಕೂತ. ಪೂರಿ ಬಂತು. ಅಂಕಿತಾ ಮೊದಲನೆಯದನ್ನು ಎರಡೇ ತುತ್ತಿಗೆ ಮುಗಿಸಿದಳು. ಎರಡನೆಯದನ್ನು ಮುರಿದು ಪಲ್ಯಕ್ಕೆ ಅದ್ದಿ ಬಾಯಿಯ ಹತ್ತಿರ ತಂದವಳು, ಒಮ್ಮೆಲೇ ತಡೆದು ಅಪ್ಪನ ಕಡೆ ನೋಡಿದಳು.

ಅಷ್ಟೇ. ಒಂದು ನೋಟ, ಅರ್ಧ ದಾರಿಯಲ್ಲಿ ನಿಂತ ಕೈ.

"ತಿನ್ನು ಮಗಾ," ಎನ್ನಬೇಕೆಂದು ಅವನಿಗೆ ನಾಲಿಗೆಯ ತುದಿಗೆ ಬಂತು. ಅದೂ ಅಪ್ಪಣೆ ಕೊಟ್ಟಂತೆಯೇ ಆಗುತ್ತಿತ್ತು. ಕೇಳಿ ತಿನ್ನುವುದನ್ನು ಅವಳಿಗೆ ಕಲಿಸಿದವನು ಅವನೇ. ನಗಬೇಕೆಂದುಕೊಂಡ, ಆ ನಗು ವಖಾರಿಯ ಸಂಜೆಗಳ ನಗುವಿನಂತೆ ಕಂಡೀತೆಂದು ಭಯವಾಯಿತು. ಮಗಳ ಮುಂದೆ ತನ್ನ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಅವನು ಎದ್ದ. ಅರ್ಧ ಉಳಿದ ಚಹಾವನ್ನು ಅಲ್ಲೇ ಬಿಟ್ಟು, ಹೊರಗೆ ಬಂದು ಹೋಟೆಲಿಗೆ ಬೆನ್ನು ಮಾಡಿ ಹೆದ್ದಾರಿಯ ಅಂಚಿನಲ್ಲಿ ನಿಂತ. ಇಡಗುಂಜಿಯಿಂದ ಬಂದ ಬಸ್ಸೊಂದು ಜನರನ್ನು ಇಳಿಸಿ ಹೋಯಿತು. ಕಾಲು ಸುಮ್ಮನಿರಲಿಲ್ಲ; ಟೆಂಪೋದವರೆಗೆ ನಡೆದ, ತಿರುಗಿ ಬಂದ, ಮತ್ತೆ ನಡೆದ. ತಿರುಗಿ ಒಳಗೆ ನೋಡಬೇಕೆನ್ನಿಸಿದಾಗಲೆಲ್ಲ ರಸ್ತೆಯ ಆಚೆಯ ಅಂಗಡಿಗಳ ಬೋರ್ಡು ಓದಿದ.

ಒಳಗಿನಿಂದ ಹುಡುಗಿಯರ ಗಲಾಟೆ ಕೇಳುತ್ತಿತ್ತು. ಯಾರ ದನಿ ಯಾವುದೆಂದು ಬಿಡಿಸಿಕೊಳ್ಳಲು ಕಿವಿಗೊಟ್ಟ. ಬಹಳ ಹೊತ್ತಿನ ಮೇಲೆ, ನಾಗವೇಣಿಯ ನಗುವಿನ ನಡುವಿನಿಂದ ಅಂಕಿತಾಳ ದನಿ ಎದ್ದು ಬಂತು.

"ಅಣ್ಣಾ, ಇಲ್ಲಿ ಇನ್ನೊಂದು ಪ್ಲೇಟ್ ಪೂರಿ!"

ದಿನಕರ ತಿರುಗಲಿಲ್ಲ. ಟೆಂಪೋದವರೆಗೆ ಇನ್ನೊಮ್ಮೆ ನಡೆದು ಬಂದ.